ಐದಕ್ಕೆ ಐದು ಕೊಟ್ಟ ಅರವತ್ತೆರಡು ಹೆಂಗಸರು

ನಿಪ್ಪಾಣಿಯ ಒಂದು ಓಣಿಯಲ್ಲಿ ಒಕ್ಕಲುತನದ ಸಲಕರಣೆ ತಯಾರಿಸುವ ವರ್ಕ್‌ಶಾಪ್ ಇದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅದರ ಮಾಳಿಗೆಯ ಮೇಲೆ ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ಬೋರಗಾಂವದ ಪವರ್‌ಲೂಮ್ ಮಾಲೀಕರ ಹತ್ತಿರ ಸೀರೆಯ ನಮೂನೆ ನಿಶ್ಚಯಿಸುವವನೊಬ್ಬ, ಕಾಗವಾಡದಿಂದ ದನದ ಹಿಂಡಿ ಕಂಪನಿಯವಳೊಬ್ಬಳು, ರಾಯಬಾಗದಿಂದ ಹನಿ ನೀರಾವರಿ ಪೈಪಿನವರು ಇಬ್ಬರು. ಎಲ್ಲರ ವಿಸಿಟಿಂಗ್ ಕಾರ್ಡಿನ ಮೇಲೂ ‘ಪ್ರೊಡಕ್ಟ್ ಮ್ಯಾನೇಜರ್’ ಎಂದು ಅಚ್ಚಾಗಿದೆ. ಹಾಗಂದರೆ ಏನು ಕೆಲಸ ಎಂದು ಮನೆಯವರು ಕೇಳಿದರೆ ಮಾತ್ರ ತಡವರಿಸುತ್ತಾರೆ.

ಅವರಿಗೆ ಕಲಿಸುವವಳು ಸರಿತಾ. ನಲವತ್ತರ ಹತ್ತಿರದ ವಯಸ್ಸು, ಕಿವಿಯ ಹಿಂದೆ ಸದಾ ಒಂದು ಪೆನ್ನು. ಬಂದವರಿಗೆ ಮೊದಲ ದಿನವೇ ಹೇಳಿಬಿಡುತ್ತಾಳೆ: “ಏನ್ ಮಾಡ್ಬೇಕು, ಯಾರಿಗಿ ಮಾಡ್ಬೇಕು, ಏನ್ ಮಾಡಬಾರ್ದು. ಈ ಮೂರಕ್ಕ ಜವಾಬು ಕೊಡೂದ ನಮ್ಮ ಕೆಲಸ ನೋಡ್ರಿ. ಮೂರನೇದಕ್ಕ ಗುಂಡಿಗಿ ಬೇಕು.” ಆಮೇಲೆ ಜೆರಾಕ್ಸ್ ಮಾಡಿಸಿ ಪಿನ್ನು ಹೊಡೆದ ಹದಿನೆಂಟು ಪುಟದ ಒಂದು ಕೈಪಿಡಿ ಹಂಚುತ್ತಾಳೆ. ದಪ್ಪ ಪುಸ್ತಕಗಳಲ್ಲಿ ಇರುವುದನ್ನೆಲ್ಲ ಹಿಂಡಿ, ತಾನು ತಿಂದ ಪೆಟ್ಟುಗಳನ್ನೂ ಸೇರಿಸಿ, ಕನ್ನಡದಲ್ಲಿ ಅವಳೇ ಬರೆದದ್ದು. ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ‘ಚಲೋ ಐತೇನು ಅಂತ ಯಾರನ್ನೂ ಕೇಳಬ್ಯಾಡ್ರಿ.’ ಈ ಸಾಲು ಅವಳಿಗೆ ಸುಮ್ಮನೆ ದಕ್ಕಿದ್ದಲ್ಲ.

ಸರಿತಾ ಬೋರಗಾಂವದವಳು. ಅವ್ವ ಕಾಶಿಬಾಯಿ ಕಂಡವರ ಹೊಲಗಳಲ್ಲಿ ಕಳೆ ಕಿತ್ತು ಕಸ ತೆಗೆದು ಮಗಳನ್ನು ಓದಿಸಿದಳು. ಓಣಿಯ ಬುದ್ಧವಿಹಾರಕ್ಕೆ ಅಂಟಿಕೊಂಡ ಓದುವ ಕೋಣೆಯಲ್ಲಿ ಕೂತು ಬಿ.ಕಾಂ. ಮುಗಿಸಿದ ಹುಡುಗಿ ವರ್ಕ್‌ಶಾಪಿಗೆ ಸೇರಿದ್ದು ಫೋನ್ ಎತ್ತುವ ಕೆಲಸಕ್ಕೆ. ಸಲಕರಣೆ ಕೊಂಡವರು ಹೊಗಳುವುದಕ್ಕೆ ಫೋನ್ ಮಾಡುತ್ತಾರೆಯೇ? ಕುಂಟೆಯ ಕುಳ ಬಾಗಿತು, ಬಿತ್ತುವ ಕೂರಿಗೆಯ ಬೋಲ್ಟು ಮುರಿಯಿತು ಎಂದು ದಿನವಿಡೀ ಬೈಗುಳ. ಬೇರೆ ಯಾರೇ ಆಗಿದ್ದರೂ ‘ಆತ್ರಿ, ಹೇಳ್ತೀನ್ರಿ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಸರಿತಾ ಮಾತ್ರ ಒಂದು ನೋಟ್‌ಬುಕ್ಕು ಇಟ್ಟಳು. ಯಾವ ಊರು, ಎಂಥ ನೆಲ, ಯಾವ ಭಾಗ ಮುರಿಯಿತು ಎಂದು ಪ್ರತಿಯೊಂದನ್ನೂ ಬರೆದಳು. ನಾಲ್ಕು ವರ್ಷಕ್ಕೆ ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಕೂರಿಗೆಯ ಆ ಬೋಲ್ಟು ಮುರಿಯುವುದೆಲ್ಲ ಅಥಣಿ ಕಡೆಯ ಎರೆಹೊಲದಲ್ಲಿ, ಅದೂ ಅರ್ಧಮರ್ಧ ಹಸಿ ಇರುವಾಗ.

ವರ್ಕ್‌ಶಾಪಿನ ಮಾಲೀಕ ಬಾಬಾಸಾಹೇಬನಿಗೆ ಕಬ್ಬಿನ ಹೊಲವೂ ಇತ್ತು, ಮೂಗಿನ ತುದಿಯಲ್ಲಿ ಸಿಟ್ಟೂ ಇತ್ತು, ಆದರೆ ನ್ಯಾಯ ತಿಳಿಯದವನಲ್ಲ. ನೋಟ್‌ಬುಕ್ಕು ಓದಿ ಮರುದಿನವೇ ಬೋಲ್ಟು ಬದಲಾಯಿಸಿದ. ಆ ವರ್ಷ ಬೋಲ್ಟಿನ ಫೋನೇ ಬರಲಿಲ್ಲ. ಬಾಬಾಸಾಹೇಬ ಅವಳನ್ನು ಕರೆದು, “ಇನ್ನ ಮ್ಯಾಲ ಯಾ ಸಾಮಾನ ಮಾಡೂದು, ಹೆಂಗ ಮಾಡೂದು, ನೀನ ಹೇಳವಾ” ಎಂದ. ಫೋನಿನ ಟೇಬಲ್ಲಿನಿಂದ ಎದ್ದು ಪ್ರೊಡಕ್ಟ್ ಮ್ಯಾನೇಜರ್ ಆದವಳನ್ನು ನೋಡಿ ವರ್ಕ್‌ಶಾಪಿನ ಗಂಡಸರು ಮುಸಿಮುಸಿ ನಕ್ಕರು. ನಗಲಿ ಬಿಡಿ, ಅವರ ಹತ್ತಿರ ನೋಟ್‌ಬುಕ್ಕು ಇರಲಿಲ್ಲ.

ಹುದ್ದೆ ಸಿಕ್ಕಿತು, ಕಲಿಸುವವರು ಯಾರು? ಪುಣೆಯ ಒಂದು ಸಂಸ್ಥೆಯ ಎಂಟು ತಿಂಗಳ ಆನ್‌ಲೈನ್ ಕೋರ್ಸಿಗೆ ಸೇರಿಕೊಂಡಳು. ಊಟದ ಹೊತ್ತಿನಲ್ಲಿ ಸ್ಟೋರ್ ರೂಮಿನ ಬೋಲ್ಟಿನ ಡಬ್ಬಿಗಳ ನಡುವೆ ಮೊಬೈಲು ನಿಲ್ಲಿಸಿ ಪಾಠ ಕೇಳುವಳು. ಅಲ್ಲಿಯ ಮಾಸ್ತರರು ಕೊಡುತ್ತಿದ್ದ ಉದಾಹರಣೆಗಳೆಲ್ಲ ಮೊಬೈಲಿನಲ್ಲಿ ಊಟ ತರಿಸುವವರವು, ಟ್ಯಾಕ್ಸಿ ಕರೆಯುವವರವು. ನೇಗಿಲು ಹಿಡಿದವನೊಬ್ಬನೂ ಆ ಪಾಠದಲ್ಲಿ ಸುಳಿಯಲಿಲ್ಲ. ಹಾಗೆಂದು ಅವಳು ಮೂಗು ಮುರಿಯಲಿಲ್ಲ. ಟ್ಯಾಕ್ಸಿ ಇದ್ದಲ್ಲಿ ಕೂರಿಗೆ ಹಾಕಿಕೊಂಡು ಪ್ರತಿ ಪಾಠವನ್ನೂ ತಾನೇ ಮತ್ತೊಮ್ಮೆ ಬರೆದಳು. ಈ ಹಟ ನೋಡಿದರೆ ಯಾರಿಗಾದರೂ ಕೈ ಮುಗಿಯಬೇಕು ಅನಿಸುತ್ತದೆ.

ಅವಳ ಕೈಗೆ ಬಂದ ಮೊದಲ ಹೊಸ ಸಾಮಾನು ಹೊಲದ ಕಸ ತೆಗೆಯುವ ಯಂತ್ರ. ಸಣ್ಣ ಪೆಟ್ರೋಲ್ ಇಂಜಿನ್ನು, ಹಿಡಿದು ದಬ್ಬಿದರೆ ನಾಲ್ಕು ಹೆಣ್ಣಾಳಿನ ಕೆಲಸವನ್ನು ಒಬ್ಬಳೇ ಮಾಡುವಷ್ಟು ಚುರುಕು. ಬಾಬಾಸಾಹೇಬ ಅದಕ್ಕೆ ‘ಶ್ರಮಸಖಿ’ ಎಂದು ಹೆಸರಿಟ್ಟ. ಹೆಂಗಸರ ಸೊಂಟ ಉಳಿಸುವ ಯಂತ್ರ ಎಂದು ಸರಿತಾಳೂ ಮನಸ್ಸಿಟ್ಟು ದುಡಿದಳು. ಎಂಟು ಊರಿಗೆ ಒಂದೊಂದು ಯಂತ್ರವನ್ನು ಪರೀಕ್ಷೆಗೆ ಕೊಟ್ಟು, ತಿಂಗಳ ಮೇಲೆ ಕೋರ್ಸಿನವರು ಕೊಟ್ಟ ಸಿದ್ಧ ಫಾರ್ಮು ಹಿಡಿದು ತಾನೇ ಹೋದಳು. ಇಷ್ಟವಾಯಿತೇ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಮನೆಮನೆಯಲ್ಲಿ ಕೇಳಿದಳು. ಅರವತ್ತೆರಡು ಹೆಂಗಸರು, ಅರವತ್ತೆರಡೂ ಮಂದಿ ಐದಕ್ಕೆ ಐದು.

ಬಾಬಾಸಾಹೇಬ ಕುಣಿದಾಡುವುದೊಂದು ಬಾಕಿ. ಚಿಕ್ಕೋಡಿಯ ಕೃಷಿ ಮೇಳದಲ್ಲಿ ಯಂತ್ರದ ಬಿಡುಗಡೆ ಎಂದು ಸಾರಿಬಿಟ್ಟ. ಐದುನೂರು ಯಂತ್ರಕ್ಕೆ ಬೇಕಾದ ಕಬ್ಬಿಣಕ್ಕೆ ಹೇಳಿಯಾಯಿತು, ಸರಿತಾಳ ಫೋಟೋ ಇರುವ ಬ್ಯಾನರೂ ಅಚ್ಚಾಯಿತು. ಜಾಹೀರಾತಿಗೆ ಯಂತ್ರ ನಡೆಸುವ ಹೆಂಗಸಿನ ಒಂದು ಚಿತ್ರ ಬೇಕಿತ್ತು. ಅದಕ್ಕೆಂದು ಸರಿತಾ ಅಥಣಿ ತಾಲೂಕಿನ ತೆಲಸಂಗಕ್ಕೆ, ರುಕ್ಮವ್ವನ ಮನೆಗೆ ಹೋದಳು. ರುಕ್ಮವ್ವ ಕೂಲಿ ಹೆಂಗಸರ ಗುಂಪಿನ ಹಿರಿಯಳು, ಆ ಊರಿನ ಪರೀಕ್ಷೆಯ ಯಂತ್ರ ಇದ್ದದ್ದು ಅವಳ ಹತ್ತಿರ.

ಯಂತ್ರ ದನದ ಕೊಟ್ಟಿಗೆಯಲ್ಲಿತ್ತು. ಅದರ ಹಿಡಿಕೆಗೆ ಒಂದು ಆಡು ಕಟ್ಟಿತ್ತು. ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲೆ ಜೇಡ ಮನೆ ಮಾಡಿತ್ತು.

ಸರಿತಾ ರುಕ್ಮವ್ವನ ಕಡೆ ತಿರುಗಿದಳು. “ಯವ್ವಾ, ಭಾಳ ಚಲೋ ಐತಿ ಅಂದಿದ್ದೆಲ್ಲ ಬೇ? ಐದಕ್ಕ ಐದು ಕೊಟ್ಟಿದ್ದಿ!”

ರುಕ್ಮವ್ವನಿಗೂ ನಾಚಿಕೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, “ಅಲ್ಲ ಮಗಳ, ನಿಪ್ಪಾಣಿಂದ ಬಸ್ ಮ್ಯಾಲ ಬಸ್ ಬದಲಿ ಮಾಡಿ ಬಂದಿದ್ದಿ. ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡಿದಿ. ಮನಿಗಿ ಬಂದ ಹೆಣ್ಣಮಗಳ ಮುಂದ, ನೀ ತಂದಿದ್ದು ಚಲೋ ಇಲ್ಲ ಅಂತ ಹೆಂಗ ಅನ್ನೂದು? ಐದರಾಗ ಎರಡು ಕೊಟ್ಟು ಕಳಿಸಿದ್ರ ಊರ ಮರ್ಯಾದಿ ಏನ್ ಉಳೀತು?”

ಈ ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬಾರದಿತ್ತೇ? ಬಂದವರ ಮುಂದೆ ಯಾರಾದರೂ ಹುಳುಕು ಎತ್ತುತ್ತಾರೆಯೇ? ಬೀಗರ ಮನೆಯ ಸಪ್ಪೆ ಸಾರನ್ನೂ ಕೇಳಿ ಕೇಳಿ ಹಾಕಿಸಿಕೊಳ್ಳುವ ಮಂದಿ ನಾವು. ಸರಿತಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ಯಂತ್ರವನ್ನು ಯಾಕೆ ಬಿಟ್ಟರು ಎಂಬುದು ಇನ್ನೂ ತಿಳಿಯಬೇಕಿತ್ತು. ಮತ್ತೆ ಕೇಳಿದರೆ ಮತ್ತೆ ಮರ್ಯಾದೆಯ ಮಾತೇ ಬರುತ್ತದೆ. ಅದಕ್ಕೆ ಅವಳು ಕೇಳುವುದನ್ನೇ ಬಿಟ್ಟು, ಮರುದಿನ ಬೆಳಿಗ್ಗೆ ರುಕ್ಮವ್ವನಿಂದ ಕಳೆ ಕೀಳುವ ಒಂದು ಕುರ್ಪಿ ಇಸಿದುಕೊಂಡು ತೊಗರಿ ಹೊಲಕ್ಕೆ ಇಳಿದಳು. ಎರಡು ದಿನ ಒಂಬತ್ತು ಹೆಂಗಸರ ಜೊತೆ ಕೂತು ಕಸ ತೆಗೆದಳು.

ಹೆಂಗಸರು ಒಂದೊಂದು ಸಾಲು ಹಿಡಿದು ಪಕ್ಕಪಕ್ಕದಲ್ಲೇ ಮುಂದೆ ಸರಿಯುತ್ತಾರೆ. ಒಬ್ಬಳು ಬಾಣಂತನ ಮುಗಿಸಿ ಬಂದವಳು, ಇನ್ನೊಬ್ಬಳಿಗೆ ಮೈಯಲ್ಲಿ ಜ್ವರ. ಚುರುಕು ಕೈಯವಳು ಮುಂದೆ ಓಡುವುದಿಲ್ಲ, ಪಕ್ಕದವಳ ಸಾಲಿಗೂ ಒಂದು ಕೈ ಹಾಕುತ್ತಾಳೆ. ಹೊಲದ ಆ ತುದಿಗೆ ಒಂಬತ್ತೂ ಮಂದಿ ಒಟ್ಟಿಗೇ ಮುಟ್ಟುತ್ತಾರೆ. ಒಬ್ಬಳು ಮುಂದೆ ಹೋದರೆ ಹಿಂದೆ ಉಳಿದವಳು ಒಡ್ಡಿನ ಮೇಲೆ ನಿಂತ ಹೊಲದ ಒಡೆಯನ ಕಣ್ಣಿಗೆ ಬೀಳುತ್ತಾಳೆ, ಮರುದಿನ ಅವಳಿಗೆ ಕೂಲಿಗೆ ಕರೆ ಇಲ್ಲ. ಹಾಗಾಗಿ ಮುಂದೆ ಹೋಗುವುದೆಂದರೆ ಗೆಳತಿಯನ್ನು ಹಿಡಿದುಕೊಟ್ಟ ಹಾಗೆ. ಶ್ರಮಸಖಿ ಹಿಡಿದವಳಿಗೆ ಮುಂದೆ ಹೋಗುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಕಾಶಿಬಾಯಿಯ ಮಗಳು ಈ ಸಾಲನ್ನು ಚಿಕ್ಕಂದಿನಿಂದ ಕಂಡಿದ್ದಳು, ಆದರೆ ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೂತು ಕೂತು ಮೊಣಕಾಲು ಹಿಡಿದು ಬಸ್ಸು ಹತ್ತಿದವಳು ಚಿಕ್ಕೋಡಿ ಬರುವವರೆಗೆ ಒಂದೇ ಮಾತು ಯೋಚಿಸುತ್ತಿದ್ದಳು: ಬಾಬಾಸಾಹೇಬನಿಗೆ ಹೇಳುವುದು ಹೇಗೆ?

ಹೇಳಿದಳು. ಮೇಳಕ್ಕೆ ಹನ್ನೆರಡು ದಿನ ಇತ್ತು.

“ತಲಿ ಗಿಲಿ ಕೆಟ್ಟೈತೇನ ನಿನಗ?” ಬಾಬಾಸಾಹೇಬನ ಕೂಗಿಗೆ ಕೆಳಗೆ ಲೇಥು ನಡೆಸುವವರು ತಲೆ ಎತ್ತಿದರು. “ಅರವತ್ತೆರಡು ಮಂದಿ ಸುಳ್ಳ ಹೇಳ್ಯಾರೇನು?”

“ಸುಳ್ಳ ಅಲ್ರಿ ಮಾಲಕ್ರ, ಮರ್ಯಾದಿ. ತಪ್ಪು ನಂದ ಐತಿ, ಕೇಳಬಾರದ್ದನ್ನ ಕೇಳೇನಿ. ಈ ಯಂತ್ರ ಬಿಡುಗಡಿ ಮಾಡೂದು ಬ್ಯಾಡ್ರಿ.”

“ಮಾಡಾಂವ ನಾನು!”

“ಒಂದು ದಿನ ತೆಲಸಂಗಕ್ಕ ಬರ್ರಿ. ಬಂದು ನೋಡಿದ ಮ್ಯಾಲೂ ಮಾಡೂದ ಅಂದ್ರ ನಾ ಎದುರು ಮಾತಾಡೂದಿಲ್ಲ.”

ತನ್ನ ಫೋಟೋ ಇರುವ ಬ್ಯಾನರನ್ನು ತಾನೇ ಇಳಿಸಲು ಹೊರಟ ಮ್ಯಾನೇಜರನ್ನು ಬಾಬಾಸಾಹೇಬ ಅದುವರೆಗೆ ಕಂಡಿರಲಿಲ್ಲ. ಗೊಣಗುತ್ತಲೇ ಜೀಪು ಹತ್ತಿದ. ಹೊಲದ ಒಡ್ಡಿನ ಮೇಲೆ ನಿಂತು, “ಹೆಂಗೈತ್ರವಾ ನಮ್ಮ ಯಂತ್ರ?” ಎಂದು ಕೇಳಿದ. “ಭಾಳ ಚಲೋ ಐತ್ರಿ ಸಾವ್ಕಾರ್ರ! ನಮ್ಮ ಕಷ್ಟಾ ಕಳದ್ರಿ!” ಎಂದರು ಒಂಬತ್ತೂ ಮಂದಿ. ಒಂಬತ್ತೂ ಮಂದಿಯ ಕೈಯಲ್ಲಿ ಕುರ್ಪಿ ಇತ್ತು. ಬಾಬಾಸಾಹೇಬ ಆ ಕುರ್ಪಿಗಳನ್ನೇ ನೋಡಿದ. ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೂ ಅಲ್ಲೇ ಕೂತ.

ವಾಪಸು ಬರುವಾಗ ಅಥಣಿಯಲ್ಲಿ ಚಹಾಕ್ಕೆ ಜೀಪು ನಿಲ್ಲಿಸಿದಾಗ ಬಾಯಿ ಬಿಟ್ಟ. “ಮ್ಯಾಳಾದಾಗ ಬಿಡುಗಡಿ ಇಲ್ಲ. ಆದರ ಹಿಂಗಾರಿ ಜ್ವಾಳಾ ಕಸಾ ತಗಿಯೂದ್ರಾಗ ಈ ಹೆಂಗಸ್ರು ಖರೇನ ಹಿಡಿಯೂವಂಥಾ ಸಾಮಾನ ತಂದು ತೋರಸ್. ಆಗಲಿಲ್ಲಂದ್ರ ನಿನ್ನ ಫೋನಿನ ಟೇಬಲ್ ಇನ್ನೂ ಅಲ್ಲೇ ಐತಿ ನೋಡು.”

ಸರಿತಾ ಮರುದಿನವೇ ವೆಲ್ಡಿಂಗ್ ಮಾಡುವ ದುಂಡೇಶನ ಹತ್ತಿರ ಹೋದಳು. ಇಂಜಿನ್ನು ಬೇಡ, ಸದ್ದು ಬೇಡ ಎಂದಳು. ನಿಂತುಕೊಂಡೇ ದಬ್ಬುವ ಉದ್ದ ಹಿಡಿಕೆ, ತುದಿಯಲ್ಲಿ ಒಂದು ಸಣ್ಣ ಗಾಲಿ, ಅದರ ಹಿಂದೆ ಕುರ್ಪಿಯಂಥ ಅಲಗು. ಒಬ್ಬಳಿಗೆ ಒಂದು ಕೊಟ್ಟರೆ ಪ್ರಯೋಜನವಿಲ್ಲ, ಸಾಲಿನಲ್ಲಿರುವ ಎಲ್ಲರಿಗೂ ಒಂದೊಂದು ಬೇಕು, ಎಲ್ಲವೂ ಒಂದೇ ವೇಗದಲ್ಲಿ ಓಡಬೇಕು. “ನಾಕ ಮಂದಿ ಕೆಲಸಾ ಒಬ್ಬಾಕಿ ಮಾಡೂ ಸಾಮಾನ ಮಾಡೂದು ಎಲ್ಲಾರಿಗೂ ಬರತೈತಿ ಅಕ್ಕಾ. ಎಲ್ಲಾರೂ ಕೂಡೇ ಮುಟ್ಟೂವಂಥದ್ದು ಅಂದ್ರ ತ್ರಾಸ ಐತಿ” ಎಂದ ದುಂಡೇಶ. ತ್ರಾಸವೇ ಆಯಿತು. ಅವಳು ಸ್ಟೋರ್ ರೂಮಿನ ಹಿಂದಿನ ಖಾಲಿ ಜಾಗದಲ್ಲಿ ದಬ್ಬಿ ನೋಡುವುದು, ಅವನು ಕತ್ತರಿಸಿ ಮತ್ತೆ ಬೆಸೆಯುವುದು. ಏಳನೇ ನಮೂನೆ ಕೈಗೆ ಕೂತಿತು. ಅದರಂತೆ ಒಂಬತ್ತು ಮಾಡಿಸಿದಳು.

ಹಿಂಗಾರಿ ಜೋಳ ಗೇಣುದ್ದ ಎದ್ದಾಗ ಒಂಬತ್ತನ್ನೂ ಜೀಪಿನಲ್ಲಿ ಹೇರಿಕೊಂಡು ತೆಲಸಂಗಕ್ಕೆ ಹೋದಳು. ಫಾರ್ಮು ಒಯ್ಯಲಿಲ್ಲ, ರುಕ್ಮವ್ವನ ಮನೆಯಲ್ಲಿ ಚಹಾ ಕುಡಿಯಲಿಲ್ಲ. ನೆಟ್ಟಗೆ ಹೊಲಕ್ಕೆ ಹೋಗಿ ಎಲ್ಲರ ಕೈಗೂ ಒಂದೊಂದು ಕೊಟ್ಟು, ಒಡ್ಡಿನ ಮೇಲೆ ಬಾಯಿ ಮುಚ್ಚಿ ಕೂತಳು. ಎಲ್ಲಿ ಮತ್ತೆ ‘ಭಾಳ ಚಲೋ ಐತಿ’ ಅಂದುಬಿಡುತ್ತಾರೋ ಎಂಬ ಭಯ.

ಅರ್ಧ ತಾಸು ಹೆಂಗಸರು ದಬ್ಬಿ ನೋಡಿದರು. ಆಮೇಲೆ ರುಕ್ಮವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಸರಿತಾ! ಯಾಂವ ಬೇ ಇದನ್ನ ಮಾಡಿದಾಂವ? ಹಿಡಿಕಿ ಅಂಗೈ ಕೊರಿತೈತಿ. ತಾ ಒಂದ ಸಲ ಹಿಡಿದು ನೋಡಿದ್ರ ತಿಳೀತಿರಲಿಲ್ಲೇನು ಅವಗ?”

“ಗಾಲಿಗಿ ಮಣ್ಣ ಮೆತ್ತಾಕತ್ತೈತಿ!” ಎಂದು ಇನ್ನೊಬ್ಬಳು ಕೂಗಿದಳು. ಗಿಡ್ಡನೆಯವಳೊಬ್ಬಳಿಗೆ ಹಿಡಿಕೆ ಎತ್ತರವಾಗಿತ್ತು. ಬೈಗುಳದ ಮೇಲೆ ಬೈಗುಳ ಬಂತು, ಒಬ್ಬಳೂ ಮರ್ಯಾದೆಗೆ ಬಿದ್ದು ಸುಮ್ಮನಾಗಲಿಲ್ಲ. ಬೈಯುತ್ತಲೇ ಒಂಬತ್ತೂ ಮಂದಿ ಸೊಂಟ ಬಗ್ಗಿಸದೆ, ನಿಂತುಕೊಂಡೇ ಹೊಲದ ಆ ತುದಿಗೆ ಒಟ್ಟಿಗೇ ಮುಟ್ಟಿದರು, ತಿರುಗಿ ಹೊಸ ಸಾಲು ಹಿಡಿದರು. ಸರಿತಾ ಬೈಗುಳವನ್ನೆಲ್ಲ ಬರೆದುಕೊಂಡಳು. ಖುಷಿಗೆ ಕಣ್ಣು ಮಂಜಾಗಿ ಅಕ್ಷರ ಸೊಟ್ಟಸೊಟ್ಟ ಬಿದ್ದವು.

ಹೊತ್ತು ಇಳಿಯುವಾಗ ಬಾಬಾಸಾಹೇಬನ ಫೋನ್ ಬಂತು. “ಏನಂದ್ರವಾ?”

“ಬೈದ್ರಿ. ಹನ್ನೊಂದು ತಪ್ಪ ತಗದಾರ.”

ಬೈದರೆಂದರೆ ಇದೂ ಸೋತಿತು ಎಂದುಕೊಂಡ ಬಾಬಾಸಾಹೇಬ. “ಹೋಗ್ಲಿ ಬಿಡು. ಸಾಮಾನ ಎಲ್ಲಾ ಕಟ್ಟಿಕೊಂಡು ಹೊಳ್ಳಿ ಬಾ.”

ಸರಿತಾ ದಾರಿಯ ಕಡೆ ನೋಡಿದಳು. ಹೆಂಗಸರು ಹೆಗಲ ಮೇಲೆ ಹಿಡಿಕೆ ಹೊತ್ತು ಆಗಲೇ ಊರ ಕಡೆ ಹೊರಟಿದ್ದರು.

“ಸಾಮಾನ ಹೊಳ್ಳಿ ಕೇಳಿದ್ನಿರಿ ಮಾಲಕ್ರ,” ಎಂದಳು, “ಕೊಡವಲ್ರು.”