ಉಜ್ವಲಾ ತೋರಿಸಿದ ಎರಡನೇ ಪಂಕ್ತಿ

ಕಾಗವಾಡದ ಚನ್ನವ್ವ ಪಕ್ಕದ ಮನೆಯ ಹೊಸ ಸೊಸೆ ಉಜ್ವಲಾಳನ್ನು ಮೊದಲು ಕಂಡದ್ದು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ. ಮೊಬೈಲಿನಲ್ಲಿ ಕಬಡ್ಡಿ ತಂಡ ನಡೆಸುವ ಆಟವೊಂದನ್ನು ಆಕೆ ಯಾರೋ ಹೊಸಬರಿಗೆ ಫೋನಿನಲ್ಲಿ ತಿಳಿಹೇಳುತ್ತಿದ್ದಳು. ಗಂಡ ತೀರಿದ ಮೇಲೆ ಚನ್ನವ್ವನಿಗೆ ಕಬಡ್ಡಿ ಮಾತಾಡಲು ಯಾರೂ ಇರಲಿಲ್ಲ. ತಾನೂ ಆ ಆಟದಲ್ಲಿ ಒಂದು ತಂಡ ಕಟ್ಟಿದಳು. ಓದು ಅಷ್ಟಕ್ಕಷ್ಟೆ, ಅಂಗಿಯ ಮೇಲಿನ ಅಂಕಿ ನೋಡಿ ಆಟಗಾರರನ್ನು ಗುರುತಿಸುತ್ತಿದ್ದಳು.

ಒಂಬತ್ತು ಪಂದ್ಯ ಸೋತಳು.

"ಸಾಕವ್ವಾ, ಇದು ನನ್ನಂಥಾಕಿಗಲ್ಲ, ಬಿಡ್ತೀನಿ."

ಉಜ್ವಲಾ ಆಕೆಯ ತಂಡ ತೆರೆದು ನೋಡಿದಳು. "ಆಯಿ, ದಿನಾ ಅದ ಏಳು ಮಂದೀನ ಆಡಿಸೀರಿ. ದಣದು ಹಣ್ಣಾಗ್ಯಾರಲ್ರಿ! ಹೊರಗ ಕುಂತವರನ್ನ ಯಾಕ ಇಳಿಸಿಲ್ಲ?"

"ಉಣ್ಣಾಕ ಪಂಕ್ತಿಗೆ ಕುಂತವರನ್ನ ಯಾರರೆ ಎಬ್ಬಸ್ತಾರೇನ ಬೇ?"

ಉಜ್ವಲಾ ನಗಲಿಲ್ಲ. "ಇವರದು ಊಟ ಆಗೇತ್ರಿ. ಎರಡನೇ ಪಂಕ್ತಿಯವರು ಹಸದು ನಿಂತಾರ."

ಮರುದಿನ ಚನ್ನವ್ವ ನಾಲ್ವರನ್ನು ಬದಲಿಸಿ ಎರಡು ಅಂಕದಿಂದ ಗೆದ್ದಳು. ಚನ್ನವ್ವನ ತಪ್ಪನ್ನು ಆಕೆಯದೇ ಪಂಕ್ತಿಯ ಮಾತಿನಲ್ಲಿ ತಿದ್ದಿದ ಹುಡುಗಿಯನ್ನು ಆಕೆ ಇವತ್ತಿಗೂ ಕೈಮುಗಿದು ನೆನೆಯುತ್ತಾಳೆ.

ಮೊನ್ನೆ ಹೆರಿಗೆಗೆಂದು ತವರಿಗೆ ಹೊರಟ ಉಜ್ವಲಾ ಬಾಗಿಲಲ್ಲಿ ನಿಂತು ಕೇಳಿದಳು: "ಆಯಿ, ನಾ ಬರೂತನಕ ಆಟ ಕಲಿಯೋ ಹೊಸಬರಿಗೆ ನಿಮ್ಮ ನಂಬರ ಕೊಡ್ಲೇನ್ರಿ?"