ಮುನಿಯಮ್ಮನ ಮನೆಯ ಪೈಪು

ದೆವ್ವ ಭೂತದ ಮಾತೆತ್ತಿದರೆ ಎದ್ದು ಹೋಗುವ ಜಾಯಮಾನ ನನ್ನದು. ಟಿ. ದಾಸರಹಳ್ಳಿಯ ಆಚೆ ಬಡವರಿಗೆಂದು ಕಟ್ಟಿದ ವಸತಿ ಸಮುಚ್ಚಯದಲ್ಲಿ ನಿವಾಸಿಗಳ ನೆರವಿನ ತಂಡ ನಡೆಸುತ್ತೇನೆ. ರೇಷನ್ ಕಾರ್ಡು, ಕುಡುಕ ಗಂಡಂದಿರು, ಕೆಟ್ಟು ನಿಂತ ಲಿಫ್ಟು, ಇವುಗಳ ನಡುವೆ ದೆವ್ವಗಳಿಗೆಲ್ಲಿಯ ಪುರುಸೊತ್ತು? ಆದರೆ ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಮಾತ್ರ ನನ್ನ ಬಾಯಿ ಕಟ್ಟಿಬಿಟ್ಟಿದೆ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನಮ್ಮಲ್ಲಿ ನೀರು ಬಿಟ್ಟಾಗ ಮೊದಲು ಗೊತ್ತಾಗುವುದು ನೆಲಮಹಡಿಯವರಿಗೆ. ಅವರು ಬಚ್ಚಲಿನ ಕಬ್ಬಿಣದ ಪೈಪನ್ನು ಸೌಟಿನಿಂದ ಬಡಿಯುತ್ತಾರೆ. ಸದ್ದು ಕೊನೆಯ ಮಹಡಿಯವರೆಗೂ ಹೋಗುತ್ತದೆ, ಎಲ್ಲರೂ ನಲ್ಲಿಗೆ ಬಿಂದಿಗೆ ಹಿಡಿಯುತ್ತಾರೆ. ನಮ್ಮ ಬ್ಲಾಕಿನಲ್ಲಿ ಅದು ನೆಲಮಹಡಿಯ ಮುನಿಯಮ್ಮನ ಕೆಲಸವಾಗಿತ್ತು. ಎರಡು ಸಲ ಬಡಿದು, ತುಸು ತಡೆದು, ಮತ್ತೆ ಮೂರು ಸಲ ಬಡಿಯುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಕೀಲಿ ನನ್ನ ಬ್ಯಾಗಿನಲ್ಲಿರುತ್ತಿತ್ತು.

ಆ ದಿನ ನೀರಿನ ಸರದಿಯೇ ಅಲ್ಲ. ಮುನಿಯಮ್ಮನ ಪಕ್ಕದ ಮನೆಯ ನಾಗವೇಣಿಯ ಜೊತೆ ಕಸದ ವಿಷಯ ಮಾತಾಡುತ್ತ ನಿಂತಿದ್ದೆ. ಬೀಗ ಹಾಕಿದ ಆ ಮನೆಯೊಳಗಿಂದ ಪೈಪಿನ ಸದ್ದು ಕೇಳಿತು. ಅದೇ ಬಡಿತ. ನಲ್ಲಿ ತಿರುಗಿಸಿದವರಿಗೆ ನೀರಿಲ್ಲ. "ಯಾರ್ರೀ ಅದು ಸುಮ್ ಸುಮ್ನೆ ಬಡಿಯೋದು?" ಎಂದು ಎಲ್ಲ ಮಹಡಿಯವರೂ ಕಂಬಿಯ ಹತ್ತಿರ ಬಂದು ಕೂಗಾಡತೊಡಗಿದರು. ಯಾರೋ ಒಳಗೆ ನುಗ್ಗಿ ಕೀಟಲೆ ಮಾಡುತ್ತಿದ್ದಾರೆಂದು ನನಗೆ ಸಿಟ್ಟು ನೆತ್ತಿಗೇರಿತು. ಬೀಗ ತೆಗೆದೆ.

ಒಳಗೆ ಯಾರೂ ಇಲ್ಲ. ಕಿಟಕಿಗಳಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಚ್ಚಲಿಗೆ ಹೋಗಿ ಪೈಪನ್ನು ಹಿಡಿದುಕೊಂಡೆ. ನನ್ನ ಕೈಯ ಕೆಳಗೇ ಅದು ಮತ್ತೆ ಬಡಿದುಕೊಂಡಿತು. ಹೊಡೆತ ಮೊಣಕೈವರೆಗೂ ಬಂತು. ನಾನು ಕಿರುಚಿದೆನೆಂದು ನಾಗವೇಣಿ ಹೇಳುತ್ತಾಳೆ, ನನಗೆ ನೆನಪಿಲ್ಲ.

"ಮೇಲಿಂದ ಯಾರೋ ಬಡೀತಾವ್ರೆ ಮೇಡಂ," ಎಂದಳು ನಾಗವೇಣಿ. ಅಂಗಳಕ್ಕೆ ಓಡಿ ಬಂದು ತಲೆಯೆತ್ತಿ ನೋಡಿದೆವು. ಎಲ್ಲ ಮನೆಯವರೂ ಹೊರಗಿದ್ದರು. ನಾಲ್ಕನೇ ಮಹಡಿಯ ತುಂಬುಬಸುರಿ ಶಬಾನಾ ಒಬ್ಬಳೇ ಬಂದಿರಲಿಲ್ಲ.

ಬಾಗಿಲು ಒಡೆದಾಗ ಅವಳು ಬಚ್ಚಲಿನಲ್ಲಿರಲಿಲ್ಲ. ಅಡುಗೆಮನೆಯಲ್ಲಿ ರಕ್ತದ ನಡುವೆ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು. ಗಂಡ ಪೀಣ್ಯಕ್ಕೆ ಕೆಲಸಕ್ಕೆ ಹೋಗಿದ್ದ. ಸಿಕ್ಕಿದ ಆಟೋಗೆ ಅವಳನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆವು. ಇನ್ನು ಸ್ವಲ್ಪ ತಡವಾಗಿದ್ದರೂ ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಅಳು ಬಂದುಬಿಟ್ಟಿತು.

ಆಸ್ಪತ್ರೆಗೆ ಮಗುವನ್ನು ನೋಡಲು ಹೋಗುವಷ್ಟರಲ್ಲಿ ನನ್ನ ಬುದ್ಧಿ ನೆಲೆಗೆ ಬಂದಿತ್ತು. ಅವಳೇ ಬಡಿದು, ಆಮೇಲೆ ಅಡುಗೆಮನೆಗೆ ತೆವಳಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ. "ಪೈಪ್ ಬಡಿದು ಜೀವ ಉಳಿಸ್ಕೊಂಡೆ ಕಣಮ್ಮಾ," ಎಂದೆ.

ಶಬಾನಾ ನನ್ನ ಮುಖವನ್ನೇ ನೋಡಿದಳು. "ನಾನೆಲ್ಲಿ ಬಡಿದೆ ಮೇಡಂ? ಒಗ್ಗರಣೆ ಹಾಕ್ತಿದ್ದೆ, ತಲೆ ಸುತ್ತಿ ಬಿದ್ದೆ. ಆಮೇಲೆ ಎಚ್ಚರ ಆಗಿದ್ದು ಇಲ್ಲೇ." ಮಗುವನ್ನು ಎದೆಗವಚಿಕೊಂಡು ಮೆಲ್ಲಗೆ ಕೇಳಿದಳು: "ಹಂಗಾದ್ರೆ ನಿಮ್ಮನ್ನ ಕರ್ದಿದ್ದು ಯಾರು?"

ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಶಬಾನಾ ಮತ್ತೆ ಆ ಮಾತು ಎತ್ತಿಲ್ಲ.