ಮುದ್ದೆಯಲ್ಲಿ ಇಲ್ಲದ ಮದ್ದು

ನನ್ನದು ಮೊದಲಿಂದಲೂ ಅನುಮಾನದ ಬುದ್ಧಿ. ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ನಡೆಸುವವಳಿಗೆ ಅದಿಲ್ಲದೆ ಆಗುವುದೂ ಇಲ್ಲ. ಬಾಗಿಲಲ್ಲಿ ಗಿರಾಕಿಯ ಮುಖ ಕಂಡಾಗಲೇ ಇವನು ಊಟಕ್ಕೆ ಬಂದವನೋ ಜಗಳಕ್ಕೆ ಬಂದವನೋ ಎಂದು ಅಳೆದುಬಿಡುತ್ತೇನೆ. ನನ್ನ ಗಂಡ ‘ಪೊಲೀಸಮ್ಮ’ ಎಂದು ರೇಗಿಸುತ್ತಾರೆ. ಆದರೂ ಪಾಂಡವಪುರದ ಹತ್ತಿರದ ನನ್ನ ತವರುಮನೆಯಲ್ಲಿ ಹುಟ್ಟಿಕೊಂಡ ಅನುಮಾನಗಳ ಮುಂದೆ ನನ್ನದು ಏನೇನೂ ಅಲ್ಲ.

ನನಗಿರುವವನು ಒಬ್ಬನೇ ತಮ್ಮ. ಟೆಂಪೊ ಓಡಿಸುತ್ತಾನೆ, ಬೆಲ್ಲ, ಎಳನೀರು ತುಂಬಿಕೊಂಡು ಬೆಂಗಳೂರಿಗೆ ಹೋಗಿ ಬರುತ್ತಾನೆ. ಗುಂಡುಕಲ್ಲಿನಂತಿದ್ದವನು ನೋಡನೋಡುತ್ತ ಇಳಿದುಹೋದ. ಸಕ್ಕರೆ ಕಾಯಿಲೆ ಇರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದೆವು, ಅದಲ್ಲ ಅಂದರು. ಕುಡಿತ ಇರಬಹುದೇ ಎಂದು ನಾನು ಕೇಳಿದ್ದಕ್ಕೆ ಅವ್ವ ಸಿಡಿದುಬಿದ್ದಳು. ಅವನು ಮನೆಗೆ ಬಂದಾಗಲೆಲ್ಲ ‘ಆ ಅನ್ನು’ ಎಂದು ಬಾಯಿ ತೆಗೆಸಿ ಮೂಸುವುದು ಅವಳ ಹಳೆಯ ಪದ್ಧತಿ. ವಾಸನೆ ಇಲ್ಲವೆಂದರೆ ಕುಡಿತ ಇಲ್ಲ, ಕುಡಿತ ಇಲ್ಲವೆಂದರೆ ಮಗ ಬಂಗಾರ. ಬಂಗಾರದಂಥ ಮಗನಿಗೆ ನಿದ್ದೆ ಏಕೆ ಹತ್ತುವುದಿಲ್ಲ, ತೋಳನ್ನೆಲ್ಲ ಹುಣ್ಣಾಗುವಂತೆ ಏಕೆ ಕೆರೆದುಕೊಳ್ಳುತ್ತಾನೆ ಎಂದರೆ ಅವಳ ಮೂಗಿನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವನೇ ಅನುಮಾನಪಡಲು ಶುರು ಮಾಡಿದ. ಹೆಂಡತಿಯ ಫೋನನ್ನು ಕಿತ್ತುಕೊಂಡು ನೋಡುವುದು, ಮನೆ ಹಿಂದಿನ ಕಬ್ಬಿನ ಗದ್ದೆಯಲ್ಲಿ ಯಾರೋ ಅವಿತಿದ್ದಾರೆಂದು ಮಚ್ಚು ಹಿಡಿದು ಹೋಗುವುದು. ಮಾತು ಕದ್ದು ಕೇಳುತ್ತಾರೆಂದು ಟೀವಿಯ ವಯರುಗಳನ್ನು ಕಿತ್ತು ಹಾಕಿದ. ಅವನ ಪುಟ್ಟ ಮಗಳು ಅಪ್ಪನ ಟೆಂಪೊ ಸದ್ದು ಕೇಳಿದರೆ ಅಜ್ಜಿಯ ಸೀರೆಯೊಳಗೆ ಸೇರಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಊಟದ ತಟ್ಟೆಯನ್ನು ಅವ್ವನ ಮುಂದೆ ತಳ್ಳಿದನಂತೆ.

“ಇವ್ಳು ಮುದ್ದೇಲಿ ಏನೋ ಆಕವ್ಳೆ ಕಣವ್ವ.”

ಅಷ್ಟು ಸಾಕಾಯಿತು. ನಮ್ಮ ಕಡೆ ಮದ್ದು ಎಂದರೆ ಔಷಧಿಯೂ ಹೌದು, ಗಂಡನನ್ನು ಕೈವಶ ಮಾಡಿಕೊಳ್ಳಲು ಊಟದಲ್ಲಿ ಗುಟ್ಟಾಗಿ ಇಕ್ಕುವ ವಿಷವೂ ಹೌದು. ಮದ್ದು ಬಿದ್ದವನು ಒಳಗೊಳಗೇ ಒಣಗಿ ಸಾಯುತ್ತಾನೆಂದು ನಂಬುತ್ತಾರೆ. ಅವ್ವ ಮಗನನ್ನು ಬೂಕನಕೆರೆಯಿಂದಾಚೆಗೆ ಮದ್ದು ತೆಗೆಯುವವನೊಬ್ಬನ ಬಳಿಗೆ ಕರೆದುಕೊಂಡು ಹೋದಳು. ಜೊತೆಗೆ ನಾನೂ ಹೋದೆ. ಆತ ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಅದರೊಳಗಿಂದ ಕಪ್ಪನೆಯ ಉಂಡೆಯೊಂದನ್ನು ಕಡ್ಡಿಯಲ್ಲಿ ಎತ್ತಿ ತೋರಿಸಿದ.

“ನೋಡವ್ವ, ಮನೆಯೋರೆ ಇಕ್ಕಿರೋದು.”

ಆ ಉಂಡೆ ತಮ್ಮನ ಹೊಟ್ಟೆಯಿಂದ ಬಂತೋ ಆತನ ಅಂಗೈಯಿಂದ ಬಂತೋ, ನನಗಂತೂ ಅಂಗೈಯದ್ದೇ ಅನ್ನಿಸಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವ್ವ ದಾರಿಯುದ್ದಕ್ಕೂ ನನ್ನನ್ನೇ ಬೈದಳು. ಮರುದಿನವೇ ಸೊಸೆಯನ್ನೂ ಮೊಮ್ಮಗಳನ್ನೂ ಶ್ರೀರಂಗಪಟ್ಟಣದ ಕಡೆಯ ಅವಳ ತವರಿಗೆ ಅಟ್ಟಿದಳು. ಗಂಡನಿಗೆ ವಿಷ ಇಕ್ಕಿದವಳು ಎಂಬ ಹೆಸರು ಅವಳಿಗಿಂತ ಮುಂಚೆಯೇ ಆ ಊರು ತಲುಪಿತ್ತು.

ಈಗ ಅಡುಗೆ ಅವ್ವನದೇ. ತನ್ನ ಕೈಯಾರೆ ಮುದ್ದೆ ಕಟ್ಟಿ ಇಕ್ಕುತ್ತಿದ್ದಳು. ತಮ್ಮ ಮಾತ್ರ ಇನ್ನೂ ಒಣಗುತ್ತಲೇ ಇದ್ದ. ‘ಹಳೇ ಮದ್ದು, ನಿಧಾನವಾಗಿ ಇಳೀತದೆ’ ಎಂದು ಅವ್ವ ಫೋನಿನಲ್ಲಿ ಹೇಳುವಾಗ ಇತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಂಕ್ರಾಂತಿಗೆ ಹೋದಾಗ ಜಗಲಿಯ ಮೇಲೆ ಕಬ್ಬಿನ ಜಲ್ಲೆಗಳನ್ನು ಒರಗಿಸಿದ್ದರು. ಎಂಥ ಗಟ್ಟಿ ಜಲ್ಲೆಯನ್ನಾದರೂ ಹಲ್ಲಿನಲ್ಲೇ ಕಚ್ಚಿ ಸಿಪ್ಪೆ ಎಳೆಯುತ್ತಿದ್ದವನು ನನ್ನ ತಮ್ಮ. ಬೇರೆಯವರು ಕುಡುಗೋಲು ಕೇಳಿದರೆ ನಗುತ್ತಿದ್ದ. ನಾನು ಒಂದು ತುಂಡು ಮುರಿದು ಕೊಟ್ಟೆ.

“ಬ್ಯಾಡ ಕಣಕ್ಕ.”

“ಯಾಕ್ಲಾ? ಕಬ್ಬಿಗೂ ಅವ್ಳೇ ಮದ್ದು ಆಕವ್ಳಾ?”

ಅವನು ನಗಲಿಲ್ಲ. ತುಟಿ ಬಿಗಿಹಿಡಿದು ಆಚೆ ನೋಡಿದ. ನನ್ನ ಅನುಮಾನ ಎದ್ದು ಕೂತಿತು. ಚಿಕ್ಕವನಿದ್ದಾಗ ಮಣ್ಣು ತಿಂದವನ ದವಡೆ ಹಿಡಿದು ಬಾಯಿ ತೆಗೆಸುತ್ತಿದ್ದ ಹಾಗೆಯೇ ಹಿಡಿದೆ. ಹಿಂದಿನ ಹಲ್ಲುಗಳು ಒಸಡಿನ ಮಟ್ಟಕ್ಕೆ ಮುರಿದು ಕಪ್ಪಾಗಿದ್ದವು, ಮುಂದಿನವು ಅಲ್ಲಾಡುತ್ತಿದ್ದವು. ನಲವತ್ತೂ ದಾಟದವನ ಬಾಯಿ ಅದು. ರಾತ್ರಿ ಹೋಟೆಲಿಗೆ ಬರುವ ಒಬ್ಬಿಬ್ಬರು ಡ್ರೈವರುಗಳಲ್ಲಿ ಇಂಥದ್ದೇ ಬಾಯಿ ಕಂಡಿದ್ದೆ, ನಿದ್ದೆಗೆಡಲು ಏನೋ ಸೇವಿಸುತ್ತಾರೆಂದು ಕೇಳಿದ್ದೆ.

ಅವ್ವ ದಿನಾ ಅದೇ ಬಾಯಿಯನ್ನು ಮೂಸಿದ್ದಳು, ಒಳಗೆ ನೋಡಿರಲಿಲ್ಲ. ಊಟದಲ್ಲೂ ತಿಳಿಯುವಂತಿರಲಿಲ್ಲ. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಲ್ಲಿಲ್ಲದವನೂ ಹಲ್ಲಿದ್ದವನ ಹಾಗೆಯೇ ಉಂಡು ಏಳಬಹುದು.

“ಮದ್ದು ಅಲ್ಲನ್ನೂ ತಿಂದದೆ ಕಣವ್ವ!” ಎಂದು ಅವ್ವ ಎದೆ ಬಡಿದುಕೊಂಡಳು.

“ಮದ್ದೇ ಕಣವ್ವ. ಇಕ್ಕಿದ್ದು ಯಾರು ಅಂತ ಇವನ್ನೇ ಕೇಳು.”

ಅವನು ಕಂಬಕ್ಕೆ ಒರಗಿ ಅಲ್ಲೇ ಕುಸಿದು ಕೂತ. ಲೋಡಿನ ಜೊತೆ ಬರುವವನೊಬ್ಬ ನಿದ್ದೆ ಬಾರದಿರಲೆಂದು ಕೊಟ್ಟಿದ್ದನಂತೆ. ಕಲ್ಲುಸಕ್ಕರೆಯ ಚೂರಿನಂಥದ್ದು, ‘ಐಸು’ ಅಂತಾರೆ ಎಂದ. “ಬುಡಕ್ಕೇ ಆಗ್ತಿಲ್ಲ ಕಣಕ್ಕ” ಎಂದು ಅತ್ತ. ಮಗುವಿನ ಹಾಗೆ ಅತ್ತವನನ್ನು ಹೊಡೆಯಬೇಕೋ ತಬ್ಬಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅದರ ಪೂರ್ತಿ ಹೆಸರು ಹೇಳಿದರು, ಮೆಥಾಂಫೆಟಮೈನ್. ಹಲ್ಲು ಹೊರಗೆ ಕಂಡದ್ದು ಮಾತ್ರ, ಹೃದಯವೂ ಸೋತಿದೆ ಎಂದರು. ಯಾರೋ ಹೊಂಚು ಹಾಕುತ್ತಾರೆ, ಅನ್ನಕ್ಕೆ ವಿಷ ಬೆರೆಸುತ್ತಾರೆ ಅನ್ನಿಸುವುದೂ ಅದರದ್ದೇ ಕೆಲಸವಂತೆ. ಬಿಟ್ಟ ಮೇಲೂ ಕೆಲವರಿಗೆ ಆ ಅನುಮಾನ ಬೇಗ ಹೋಗುವುದಿಲ್ಲವಂತೆ. ಅವ್ವ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವನನ್ನು ಮನೆಗೆ ಕರೆತಂದ ಮೇಲೆ ಅವ್ವನೇ ಹೋಗಿ ಸೊಸೆಯನ್ನು ಕರೆದಳು. ಸೊಸೆ ಮಗಳನ್ನು ಕರೆದುಕೊಂಡು ಬಂದಳು. ಮೊದಲ ದಿನ ಅವ್ವ, “ನೀನೇ ಇಕ್ಕವ್ವ ಅವ್ನಿಗೆ” ಎಂದಳು. ಅವಳು ಮುದ್ದೆ ಕಟ್ಟಿ ಗಂಡನ ತಟ್ಟೆಗೆ ಹಾಕಿ, ಅದರಿಂದಲೇ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ, ಅತ್ತೆಯ ಮುಖ ನೋಡುತ್ತ ನುಂಗಿದಳು.

“ನೋಡ್ಕಳಿ ಅತ್ತೆ,” ಎಂದಳು.

“ಅಂಗೆಲ್ಲ ಮಾಡ್ಬ್ಯಾಡ ಕಣವ್ವ, ನಿನ್ ಕಾಲ್ಗೆ ಬೀಳ್ತೀನಿ” ಎಂದು ಅವ್ವ ಕೈಮುಗಿದಳು. ಸೊಸೆ ಬಿಟ್ಟಿಲ್ಲ. ಇವತ್ತಿಗೂ ಪ್ರತಿ ಊಟಕ್ಕೂ ಮೊದಲ ತುತ್ತು ಅವಳದ್ದೇ. ಅವ್ವ ತಲೆ ತಗ್ಗಿಸುತ್ತಾಳೆ. ನನ್ನ ತಮ್ಮ ಮಾತ್ರ ತಗ್ಗಿಸುವುದಿಲ್ಲ. ಆ ತುತ್ತು ಹೆಂಡತಿಯ ಗಂಟಲಲ್ಲಿ ಇಳಿಯುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಾನೆ. ಆಮೇಲೆ ತಟ್ಟೆಗೆ ಕೈ ಹಾಕುತ್ತಾನೆ.